ಮೋಟಾರ್ ಮನೆಯಲ್ಲಿ ಹುಟ್ಟಿದ ಮೆಟಲ್‌ಗೆ ಏನು ಕಡಿಮೆ?

ನಿನ್ನೆ ಸಂಜೆಯಿಂದ ತಲೆ ಕಾದಿದೆ. ಬರೆಯದಿದ್ದರೆ ನಿದ್ದೆ ಬರಲ್ಲ ಅನ್ನಿಸಿ ಕೂತಿದ್ದೇನೆ. ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮ ಹುಡುಗರು ನಿಮಗೆ ಗೊತ್ತಲ್ಲ, ಮೆಟಲ್, ಅಂದರೆ ಒರಟು ಗಿಟಾರ್ ಸದ್ದಿನ ಹೆವಿ ಮೆಟಲ್ ಸಂಗೀತ, ನುಡಿಸುವ ಬ್ಯಾಂಡ್. ಗುಬ್ಬಿ ಕಡೆಯವರು ಇಬ್ಬರು, ತುಮಕೂರಿನವರು ಇಬ್ಬರು. ಎಂಟು ತಿಂಗಳಿಂದ ನಾಲ್ಕು ಹಾಡು ರೆಕಾರ್ಡ್ ಮಾಡುತ್ತಿದ್ದರು. ಮಿಕ್ಸ್ (ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಕೂಡಿಸುವುದು) ಬಗ್ಗೆ ತಿಳಿದವರ ಮಾತು ಕೇಳೋಣ ಅಂತ ನಾನೇ ಅವರನ್ನು ಬೆಂಗಳೂರಿನ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದೆ. ಯಾವ ಸ್ಟುಡಿಯೋ ಅಂತ ಕೇಳಬೇಡಿ.

ಅಲ್ಲಿಯವರು ಹೆಡ್‌ಫೋನ್ ಹಾಕಿಕೊಂಡು ಮೊದಲ ಹಾಡು ಕೇಳಿದರು. ಬಲಗಾಲು ತಾಳ ಹಾಕುತ್ತಿತ್ತು. ಎರಡನೇ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಬಂದಾಗ ತಲೆಯೂ ಆಡಿತು. ನಾನು ಎದುರಿಗೇ ಕೂತು ನೋಡಿದ್ದೇನೆ. ಹಾಡು ಮುಗಿಯಿತು. "ಆಂಪ್ ಯಾವುದು?" ಅಂದರು, ಅಂದರೆ ಗಿಟಾರಿನ ಸದ್ದನ್ನು ಏರಿಸುವ ಆಂಪ್ಲಿಫೈಯರ್. ನಮ್ಮ ಗಿಟಾರ್ ಹುಡುಗ ಖುಷಿಯಿಂದ, "ಆಂಪ್ ಇಲ್ಲ ಸರ್, ಎಲ್ಲ ಲ್ಯಾಪ್‌ಟಾಪ್‌ನಲ್ಲೇ, ಪ್ಲಗಿನ್" ಅಂದ, ಅಂದರೆ ಆಂಪ್ ಕೆಲಸ ಮಾಡುವ ಸಾಫ್ಟ್‌ವೇರ್. ಅಷ್ಟೇ. ಹೆಡ್‌ಫೋನ್ ತೆಗೆದು ಟೇಬಲ್ ಮೇಲಿಟ್ಟರು. "ಅದಕ್ಕೇ ನೋಡಿ, ಸ್ವಲ್ಪ ಪ್ಲಾಸ್ಟಿಕ್ ಅನ್ನಿಸ್ತು. ಟ್ಯೂಬ್ ಆಂಪ್ ಇಲ್ಲದೆ ಮೆಟಲ್ ಮಾಡಕ್ಕಾಗಲ್ಲ." ಟ್ಯೂಬ್ ಆಂಪ್ ಅಂದರೆ ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ಟ್ಯೂಬು, ಅಂದರೆ ವಾಲ್ವ್, ಇರುವ ಆಂಪ್.

ಉಳಿದ ಮೂರು ಹಾಡು ಅವರು ಕೇಳಲೇ ಇಲ್ಲ.

ನಾಲ್ಕು ನಿಮಿಷ ತಾಳ ಹಾಕಿದ ಕಾಲಿಗೆ ತಿಳಿಯದ ಪ್ಲಾಸ್ಟಿಕ್ಕು, ಪ್ಲಗಿನ್ ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ತಿಳಿಯಿತಾ? ವಾಪಸ್ ಬರುವಾಗ ನೆಲಮಂಗಲ ದಾಟಿದರೂ ಹುಡುಗರು ಒಂದು ಮಾತಾಡಲಿಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಣ ಅಂತ ನಿಲ್ಲಿಸಿದರೆ, ಗಿಟಾರ್ ಹುಡುಗ "ಹಸಿವಿಲ್ಲ ಅಣ್ಣ" ಅಂದು ಕಾರಿನಲ್ಲೇ ಕೂತ. ನನಗೆ ಸಿಟ್ಟು ಬಂದಿರುವುದು ಅದಕ್ಕೆ.

ಆ ಹಾಡುಗಳು ಎಲ್ಲಿ ರೆಕಾರ್ಡ್ ಆದವು ಅಂತ ಹೇಳುತ್ತೇನೆ. ಅಡಿಕೆ ತೋಟದ ಮೋಟಾರ್ ಮನೆಯಲ್ಲಿ. ಹತ್ತಡಿಗೆ ಎಂಟಡಿ ಇದ್ದರೆ ಜಾಸ್ತಿ. ಮೇಲೆ ಶೀಟು. ಗೋಡೆಗೆ ಸ್ಟಾರ್ಟರ್ ಡಬ್ಬ, ಮೂಲೆಯಲ್ಲಿ ಗೊಬ್ಬರದ ಚೀಲ, ಡ್ರಿಪ್ ಪೈಪಿನ ಸುರುಳಿ. ಬಾಗಿಲಿಗೆ ಅಜ್ಜಿಯ ಎರಡು ರಗ್ಗು ಇಳಿಬಿಟ್ಟಿದ್ದಾರೆ. ತ್ರೀ ಫೇಸ್ ಬಂದರೆ ಮೋಟಾರ್ ತಾನಾಗೇ ಆನ್ ಆಗುತ್ತೆ, ತಂತಿಯ ಕಂಪನ ಹಿಡಿಯುವ ಗಿಟಾರಿನ ಪಿಕಪ್‌ಗೆ ಆ ಗುಂಯ್ ಅನ್ನೋ ಸದ್ದು ಹತ್ತಿಕೊಳ್ಳುತ್ತೆ. ಅದಕ್ಕೇ ಕರೆಂಟ್ ಹೋಗುವುದನ್ನೇ ಕಾಯುತ್ತಾರೆ. ಹೋದ ತಕ್ಷಣ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಶುರು. ಗಿಟಾರನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ ಇಂಟರ್‌ಫೇಸ್ ಡಬ್ಬಿಗೂ ಯುಎಸ್‌ಬಿಯಿಂದಲೇ ಕರೆಂಟು. ಬ್ಯಾಟರಿ ಎರಡು ಗಂಟೆ ಬಂದರೆ ಆ ದಿನ ಎರಡು ಗಂಟೆ ಕೆಲಸ.

ಅಲ್ಲಿ ನೂರು ವ್ಯಾಟಿನ ಟ್ಯೂಬ್ ಆಂಪ್ ಇಡುವುದು ಹೇಗೆ? ಅದರ ಒಳಗೆ ಟ್ಯೂಬುಗಳಿಗೆ 400 ವೋಲ್ಟಿಗಿಂತ ಜಾಸ್ತಿ ಬೇಕು. ವಾಲ್ಯೂಮ್ ಏರಿಸದಿದ್ದರೆ ಪವರ್ ಟ್ಯೂಬೂ ಬಿಚ್ಚಿಕೊಳ್ಳಲ್ಲ, ಸ್ಪೀಕರೂ ಬಿಚ್ಚಿಕೊಳ್ಳಲ್ಲ. ನನ್ನ ಹತ್ತಿರ ಒಂದಿತ್ತು, ಹಳಬರಿಗೆ ನೆನಪಿರಬೇಕು. ಸಂಜೆ ವೋಲ್ಟೇಜ್ ಬಿದ್ದರೆ ಸೌಂಡೂ ಸೊರಗುತ್ತಿತ್ತು. ಒಂದು ದಿನ ಟ್ಯೂಬ್ ಹೋಯಿತು. ತುಮಕೂರೆಲ್ಲ ಸುತ್ತಿ ಕೊನೆಗೆ ಒಬ್ಬ ಹಿರಿಯ ರೇಡಿಯೋ ರಿಪೇರಿಯವರ ಮುಂದೆ ಇಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, "ವಾಲ್ವ್ ಮುಟ್ಟಿ ಮೂವತ್ತು ವರ್ಷ ಆಯ್ತು ಕಣಪ್ಪ" ಅಂದರು. ಬೇರೆ ಟ್ಯೂಬ್ ಬರುವವರೆಗೆ ನಾಲ್ಕು ತಿಂಗಳು ಆ ಆಂಪ್ ಮೇಲೆ ಬಟ್ಟೆ ಮಡಚಿಡುತ್ತಿದ್ದೆವು.

ಪ್ಲಾಸ್ಟಿಕ್ ಅಂದರಲ್ಲ, ಮೆಟಲ್‌ನ ಬುಡದಲ್ಲೇ ಪ್ಲಾಸ್ಟಿಕ್ ಇದೆ. 1965ರಲ್ಲಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಟೋನಿ ಅಯೋಮಿ ಅನ್ನೋ 17 ವರ್ಷದ ಹುಡುಗನ ಕೈ ಮಷಿನ್‌ಗೆ ಸಿಕ್ಕಿತು. ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವನು ಎಡಚ, ತಂತಿ ಒತ್ತುವುದೇ ಆ ಕೈಯಲ್ಲಿ. ಪಾತ್ರೆ ತೊಳೆಯುವ ಸೋಪಿನ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ನೋವಾಗದಿರಲಿ ಅಂತ ತೆಳ್ಳನೆ ತಂತಿ ಹಾಕಿದ, ಆಮೇಲೆ ಶ್ರುತಿಯನ್ನೂ ಇಳಿಸಿದ. 1970ರಲ್ಲಿ ಅವನ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ಬಂತು. ನಾವೆಲ್ಲ ಮೆಟಲ್ ಅಂತ ಕರೆಯುವುದು ಆ ಬಾಟಲಿ ಬೆರಳಿನಿಂದ ಬಂದ ಸದ್ದನ್ನು!

ಬಾಸ್ ಕಂಪನಿಯ ಎಚ್‌ಎಂ-2 ಪೆಡಲ್ ನೋಡಿ, ಗಿಟಾರಿನ ಸದ್ದನ್ನು ಒರಟು ಮಾಡುವ, ಕಾಲಲ್ಲಿ ಒತ್ತುವ ಡಬ್ಬಿ. 1983ರಲ್ಲಿ ಬಂತು, 1991ಕ್ಕೆ ತಯಾರಿಸುವುದೇ ನಿಂತಿತು. ಅಷ್ಟರಲ್ಲಿ ಸ್ಟಾಕ್‌ಹೋಮ್‌ನ ಹುಡುಗರು ಅದರ ನಾಲ್ಕೂ ನಾಬ್ ಕೊನೆಯವರೆಗೆ ತಿರುಗಿಸಿಬಿಟ್ಟಿದ್ದರು. ಸಾಮಿಲ್‌ನಲ್ಲಿ ಮರ ಕೊಯ್ದ ಹಾಗೆ ಸದ್ದು. 1990ರಲ್ಲಿ ಎಂಟೂಂಬ್ಡ್ ಬ್ಯಾಂಡ್‌ನ ಮೊದಲ ಆಲ್ಬಮ್ ಬಂದ ಮೇಲೆ ಅದೇ ಸ್ವೀಡನ್ನಿನ ಡೆತ್ ಮೆಟಲ್ (ಇನ್ನೂ ಒರಟಾದ ಮೆಟಲ್) ಸೌಂಡ್ ಆಯಿತು. ಕೊನೆಗೆ ಕಂಪನಿಯವರೇ ಆ ಪೆಡಲನ್ನು ಮತ್ತೆ ತಯಾರಿಸಿದರು. ಮೆಶುಗ್ಗಾ ಬ್ಯಾಂಡ್‌ನ 2005ರ ಆಲ್ಬಮ್‌ನಲ್ಲಿ ಡ್ರಮ್ಸ್ ಪೂರ್ತಿ ಕಂಪ್ಯೂಟರ್‌ನಲ್ಲಿ ಪ್ರೋಗ್ರಾಮ್ ಮಾಡಿದ್ದು. ಟೋಮಾಸ್ ಹಾಕೆಯಂಥ ಡ್ರಮ್ಮರ್ ಬ್ಯಾಂಡ್‌ನಲ್ಲೇ ಇದ್ದ! ಕೈಗೆ ಏನು ಸಿಕ್ಕಿತೋ ಅದನ್ನು ಬಗ್ಗಿಸಿದವರೇ ಎಲ್ಲ.

ಇನ್ನು ಆ ಸ್ಟುಡಿಯೋದಲ್ಲಿ ಆಗುವುದೇನು? ಆಂಪ್ ಮುಂದೆ ಶೂರ್ ಎಸ್‌ಎಂ57 ಮೈಕ್ ಇಡುತ್ತಾರೆ. ಅಲ್ಲಿಂದ ವೈರ್ ಸೀದಾ ಕಂಪ್ಯೂಟರ್‌ಗೆ. ಮಿಕ್ಸ್ ಕಂಪ್ಯೂಟರ್‌ನಲ್ಲಿ, ಮಾಸ್ಟರಿಂಗ್ ಕಂಪ್ಯೂಟರ್‌ನಲ್ಲಿ, ಕೇಳುವವನು ಮೊಬೈಲ್‌ನಲ್ಲಿ. ಕಂಪ್ಯೂಟರ್ ಮುಟ್ಟದ ಅನಲಾಗ್ ಸದ್ದು ಅನ್ನುವುದು ಮೊದಲ ಹತ್ತು ಅಡಿ ಮಾತ್ರ. ಆ ಹತ್ತು ಅಡಿಗೋಸ್ಕರ ಒಬ್ಬ ಹುಡುಗನ ಮುಖ ಸಣ್ಣದು ಮಾಡಬೇಕಾ?

ಟ್ಯೂಬ್ ಆಂಪ್ ಮುಂದೆ ನಿಂತ ಅನುಭವವೇ ಬೇರೆ ಅಂತೀರಿ. ಹೌದು, ಬೇರೆ. ನಾಲ್ಕು ಸ್ಪೀಕರ್ ಕ್ಯಾಬಿನೆಟ್ ಮುಂದೆ ನಿಂತು ಕೆಳಗಿನ ತಂತಿ ಹೊಡೆದರೆ ಪ್ಯಾಂಟು ಅಲುಗಾಡುತ್ತೆ, ಎದೆಗೆ ಬಡಿಯುತ್ತೆ. 2011ರಲ್ಲಿ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿದವನು ನಾನು, ಅದು ಮರೆಯುವಂಥದ್ದಲ್ಲ. ಆದರೆ ಅದು ಸ್ಟೇಜಿನ ಮಾತು. ರೆಕಾರ್ಡಿಂಗ್‌ನಲ್ಲಿ ಆ ಗಾಳಿ ನಿಮ್ಮ ಇಯರ್‌ಫೋನ್‌ವರೆಗೆ ಬರಲ್ಲ. ಈಗ ನ್ಯೂರಲ್ ಆಂಪ್ ಮಾಡೆಲರ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ನಿಜವಾದ ಆಂಪ್‌ಗೆ ಸಿಗ್ನಲ್ ಕೊಟ್ಟು, ಅದು ಹೇಗೆ ಬದಲಾಗಿ ಹೊರಬರುತ್ತೆ ಅಂತ ಕಲಿತುಕೊಳ್ಳುತ್ತೆ. ನಮ್ಮ ಹುಡುಗರು ಬಳಸಿದ್ದು ಅದನ್ನೇ. ಅದರ ಮುಂದೆ ಟ್ಯೂಬ್ ಸ್ಕ್ರೀಮರ್ ಮಾದರಿಯ ಪೆಡಲ್, ಡ್ರೈವ್ (ಒರಟುತನ) ಸೊನ್ನೆ, ಲೆವೆಲ್ ಪೂರ್ತಿ. ದೊಡ್ಡ ಆಂಪ್ ಇಟ್ಟುಕೊಂಡವರೂ ದಶಕಗಳಿಂದ ಮಾಡುತ್ತಿರುವುದು ಇದನ್ನೇ.

ಹುಡುಗರ ಕೆಲಸದಲ್ಲಿ ತಪ್ಪಿಲ್ಲ ಅಂತಲ್ಲ. ಡ್ರಮ್ಸ್‌ನ ಒಂದೊಂದು ಏಟನ್ನೂ ಗೆರೆ ಎಳೆದ ಹಾಗೆ ಕೂರಿಸಿದ್ದಾರೆ, ಉಸಿರೇ ಇಲ್ಲ. ಮೂರನೇ ಹಾಡಿನಲ್ಲಿ ಕಿಕ್, ಅಂದರೆ ದೊಡ್ಡ ಡ್ರಮ್, ಟೈಪ್‌ರೈಟರ್ ಹಾಗೆ ಟಿಕ್ ಟಿಕ್ ಅನ್ನುತ್ತೆ. ಇದನ್ನು ಹೇಳಿಸಿಕೊಳ್ಳಲು ತಾನೇ ನಾವು 70 ಕಿಲೋಮೀಟರ್ ಹೋಗಿದ್ದು. ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಇದೇ ಮಾತನ್ನು ಹನ್ನೆರಡು ವರ್ಷದ ಹಿಂದೆ ನಾನೂ ಒಬ್ಬನಿಗೆ ಹೇಳಿದ್ದೆ. ತಿಪಟೂರಿನ ಹುಡುಗ. ಕೊಬ್ಬರಿ ಹಾಕುವ ಅಟ್ಟದಲ್ಲಿ ಕೂತು, ಹಳೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದ್ದನ್ನು ನನಗೆ ಕೇಳಿಸಿದ್ದ. ನಾನು ನನ್ನ ಆಂಪ್‌ಗೆ ಒರಗಿ ನಿಂತು, "ಮೊದಲು ಒಂದು ಒಳ್ಳೆ ಆಂಪ್ ತಗೋ, ಆಮೇಲೆ ನೋಡೋಣ" ಅಂದೆ. ಅವನಪ್ಪ ಎಲ್ಲಿಂದ ತಂದುಕೊಡಬೇಕಿತ್ತು? ಅವನು ಮತ್ತೆ ಬರಲಿಲ್ಲ. ಗಿಟಾರ್ ಮಾರಿದ ಅಂತ ಆಮೇಲೆ ಗೊತ್ತಾಯಿತು. ಅವನ ರಿಫ್ ಚೆನ್ನಾಗಿತ್ತು, ಇವತ್ತಿಗೂ ನೆನಪಿದೆ. ಅದನ್ನು ಅವನಿಗೆ ಹೇಳಲೇ ಇಲ್ಲ.

ಬೆಳಗ್ಗೆ ಗಿಟಾರ್ ಹುಡುಗನಿಗೆ ಫೋನ್ ಮಾಡಿದೆ. ಮೊದಲು ಎತ್ತಲಿಲ್ಲ. ಮಧ್ಯಾಹ್ನ ಅವನೇ ಮಾಡಿದ. "ಅಣ್ಣ, ಕಿಕ್ ಬದಲಾಯಿಸಿದ್ದೀನಿ, ಕೇಳ್ತೀರಾ?" ಅಂದ. ಕೇಳಿದೆ. ಟಿಕ್ ಹೋಗಿದೆ, ಸ್ನೇರ್ ಡ್ರಮ್ ಇನ್ನೂ ಸ್ವಲ್ಪ ಜಾಸ್ತಿ ಇದೆ. ಇವತ್ತು ರಾತ್ರಿ ತೋಟಕ್ಕೆ ಹೋಗುತ್ತಿದ್ದೇನೆ. ಹತ್ತು ಗಂಟೆಗೆ ಕರೆಂಟ್ ಹೋಗುತ್ತಂತೆ.