ನಲ್ಲಿ ನೀರಿನ ಭಾರ

ನಲ್ಲಿ ತಿರುಗಿಸಿ ಒಂದು ಲೋಟ ನೀರು ಹಿಡಿದು ಗಟಗಟ ಕುಡಿದರೆ ಪರಿಸರಕ್ಕೇನು ನಷ್ಟ ಅಂತ ಕೇಳಿದರೆ ಯಾರಿಗಾದರೂ ನಗು ಬರುತ್ತದೆ. ಹೊಗೆಯೂ ಇಲ್ಲ, ಕಸವೂ ಇಲ್ಲ. ಆದರೆ ತುಂಬಿದ ಬಕೆಟ್ ಹೊತ್ತು ಮೆಟ್ಟಿಲು ಹತ್ತಿದವರಿಗೆ ಗೊತ್ತು, ನೀರು ಅಂದರೆ ಭಾರ. ಸಾವಿರ ಲೀಟರಿಗೆ ಒಂದು ಟನ್. ನದಿಯೋ ಕೆರೆಯೋ ಕೊಳವೆಬಾವಿಯೋ, ಎಲ್ಲಿಂದ ಬಂದರೂ ಆ ತೂಕವನ್ನು ಯಾರಾದರೂ ಹೊರಲೇಬೇಕು. ಈಗ ಪಂಪು ಹೊರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಕೆಲವು ಊರುಗಳ ಅದೃಷ್ಟ ಚೆನ್ನಾಗಿದೆ. ನ್ಯೂಯಾರ್ಕ್ ನಗರದ ನೀರಿನ ಬಹುಪಾಲು ಬೆಟ್ಟದ ಕಡೆಯ ಜಲಾಶಯಗಳಿಂದ ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುತ್ತದೆ. ಉಳಿದವರಿಗೆ ಅಷ್ಟು ಸಲೀಸಲ್ಲ. ಒಂದು ಟನ್ ನೀರನ್ನು ನೂರು ಮೀಟರ್ ಮೇಲಕ್ಕೆ ಹತ್ತಿಸಲು, ಪಂಪಿನಲ್ಲಿ ಪೋಲಾಗುವುದನ್ನೂ ಸೇರಿಸಿ, ಸುಮಾರು 0.4 ಯೂನಿಟ್ ಕರೆಂಟ್ ಬೇಕು. ಸಮುದ್ರದ ನೀರನ್ನು ಸಿಹಿನೀರು ಮಾಡಬೇಕಾದರೆ ಆ ಕೆಲಸಕ್ಕೇ ಟನ್ನಿಗೆ 3ರಿಂದ 4 ಯೂನಿಟ್. ನಡುವೆ ಪಟಿಕ ಹಾಕಿ ಕೆಸರನ್ನು ತಳಕ್ಕೆ ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸುವ ಕೆಲಸ ಬೇರೆ. ಆ ಕ್ಲೋರಿನ್ನೂ ಉಪ್ಪುನೀರಿಗೆ ಕರೆಂಟ್ ಹಾಯಿಸಿಯೇ ತಯಾರಾಗುವುದು. ಲೋಟ ಎತ್ತಿದಾಗ ಮೂಗಿಗೆ ಹೊಡೆಯುವ ಆ ವಾಸನೆಗೂ ಒಂದು ಕರೆಂಟ್ ಬಿಲ್ ಇದೆ ಅಂತಾಯ್ತು.

ಇಷ್ಟು ಕೇಳಿ ಲೋಟ ಕೆಳಗಿಡಬೇಕಾಗಿಲ್ಲ. ಒಬ್ಬರು ದಿನಕ್ಕೆ ಕುಡಿಯುವುದು ಎರಡೋ ಮೂರೋ ಲೀಟರ್, ಅದರ ಪಾಲಿಗೆ ಬರುವ ಖರ್ಚು ತೀರಾ ಚಿಲ್ಲರೆ. ಶೌಚಾಲಯದಲ್ಲಿ ಒಂದೇ ಸಲ ಫ್ಲಶ್ ಒತ್ತಿದರೆ ಅದಕ್ಕಿಂತ ಜಾಸ್ತಿ ನೀರು ಹೋಗುತ್ತದೆ, ಅದೂ ಹೆಚ್ಚಿನ ಕಡೆ ಇದೇ ಸೋಸಿದ ನೀರು.

ಕುಡಿಯುವ ನೀರಿನ ದೊಡ್ಡ ಖರ್ಚು ಶುರುವಾಗುವುದು ಅದು ನಲ್ಲಿಯಿಂದ ಈಚೆ ಬಂದ ಮೇಲೆ. 1840ರ ದಶಕದಲ್ಲಿ ಜೇಮ್ಸ್ ಜೂಲ್ ಅನ್ನುವ ವಿಜ್ಞಾನಿ, ಕೆಳಗಿಳಿಯುವ ತೂಕದ ಬಲದಿಂದ ನೀರಿನೊಳಗೆ ರೆಕ್ಕೆಚಕ್ರ ತಿರುಗಿಸಿ, ನೀರು ಎಷ್ಟು ಬಿಸಿಯಾಯಿತು ಅಂತ ಅಳೆದ. ಇವತ್ತಿನ ಅಳತೆಯಲ್ಲಿ ಹೇಳುವುದಾದರೆ, ನೀರನ್ನು ಬರೀ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡುವ ಶಕ್ತಿಯಲ್ಲಿ ಅದೇ ನೀರನ್ನು ಸುಮಾರು 427 ಮೀಟರ್ ಎತ್ತರಕ್ಕೆ ಏರಿಸಬಹುದು. ಒಂದೇ ಡಿಗ್ರಿಗೆ! 25 ಡಿಗ್ರಿಯ ನೀರನ್ನು ಕುದಿಯುವ ತನಕ ಕಾಯಿಸಿದರೆ 32 ಕಿಲೋಮೀಟರ್ ಮೇಲಕ್ಕೆ ಎತ್ತಿದ ಲೆಕ್ಕ, ವಿಮಾನ ಹಾರುವ ಎತ್ತರದ ಹತ್ತಿರಹತ್ತಿರ ಮೂರು ಪಟ್ಟು. ನೀರು ಕೆಟ್ಟಿರುವ ಕಡೆ ಕುದಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕಪ್ ಚಹಾಕ್ಕೆ ಕೆಟಲ್ ತುಂಬಾ ನೀರು ಕಾಯಿಸಿ, ಉಳಿದದ್ದನ್ನು ಸುಮ್ನೆ ಆರಲು ಬಿಡುತ್ತೀವಲ್ಲ, ಅದಕ್ಕೆ ಏನು ಹೇಳೋಣ? ಆರ್‌ಓ ಯಂತ್ರದ ಕಥೆ ಇನ್ನೊಂದು. ಮನೆಗಳಲ್ಲಿರುವ ಬಹಳಷ್ಟು ಯಂತ್ರಗಳು ಕುಡಿಯಲು ಕೊಡುವುದಕ್ಕಿಂತ ಜಾಸ್ತಿ ನೀರನ್ನು ಮೋರಿಗೆ ಬಿಡುತ್ತವೆ.

ಹಾಗಂತ ಬಾಟಲಿ ನೀರಿನ ಕಡೆ ತಿರುಗಿದರೆ ಕೆಟ್ಟೆವು. ಪೀಟರ್ ಗ್ಲೀಕ್ ಮತ್ತು ಹೆದರ್ ಕೂಲಿ ಅನ್ನುವ ಅಮೆರಿಕದ ಸಂಶೋಧಕರು 2009ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಬಾಟಲಿ ನೀರಿಗೆ ತಗಲುವ ಶಕ್ತಿ ನಲ್ಲಿ ನೀರಿನದಕ್ಕಿಂತ 2000 ಪಟ್ಟಿನವರೆಗೂ ಹೋಗಬಹುದು. ಪ್ಲಾಸ್ಟಿಕ್ ತಯಾರಿಕೆ ಮತ್ತು ಸಾಗಾಟ, ಇವೆರಡೇ ಅದರಲ್ಲಿ ದೊಡ್ಡ ಪಾಲು ನುಂಗುತ್ತವೆ.

ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಮಾತ್ರ ಯಾರೂ ಕುಡಿಯದ ನೀರಿಗೆ. ಪಟಿಕ, ಮರಳು, ಕ್ಲೋರಿನ್, ಪಂಪು, ಎಲ್ಲ ದಾಟಿ ಬಂದ ನೀರು ಮನೆ ಇನ್ನೇನು ನಾಲ್ಕು ಹೆಜ್ಜೆ ಇದೆ ಅನ್ನುವಾಗ ರಸ್ತೆಯಡಿಯ ಹಳೇ ಪೈಪಿನಿಂದ ಸೋರಿ ಮಣ್ಣು ಸೇರುತ್ತದೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಅಂತ ನಮಗೆ ಬುದ್ಧಿ ಹೇಳುತ್ತಾರೆ, ಸರಿ, ನಿಲ್ಲಿಸೋಣ. ರಸ್ತೆ ಅಗೆದು ಪೈಪಿನ ಜಾಯಿಂಟ್ ಬಿಗಿ ಮಾಡಬೇಕಾದವರಿಗೂ ಯಾರಾದರೂ ಹೇಳಬೇಕಲ್ವಾ?