ಏಳು ಸೆಕೆಂಡಿನ ಚೀಟಿ

ಕಳೆದ ಚುನಾವಣೆಯಲ್ಲಿ ಅಮ್ಮ ಗುಂಡಿ ಒತ್ತಿ, ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ವಿವಿಪ್ಯಾಟ್ (ಹಾಕಿದ ಮತವನ್ನು ಕಾಗದದ ಚೀಟಿಯಲ್ಲಿ ಅಚ್ಚುಹಾಕಿ ತೋರಿಸುವ ಪ್ರಿಂಟರ್) ಕಿಟಕಿಯಲ್ಲಿದ್ದ ಚೀಟಿ ಒಳಗಿನ ಪೆಟ್ಟಿಗೆಗೆ ಬಿದ್ದುಹೋಗಿತ್ತು. ಕ್ರಮಸಂಖ್ಯೆ, ಹೆಸರು, ಚಿಹ್ನೆ ಮೂರನ್ನೂ ನೋಡಲು ಸಿಗುವುದು 7 ಸೆಕೆಂಡ್ ಅಷ್ಟೇ. "ಏನೋ ಬಂತು, ಹೋಯ್ತು" ಅಂದರು. ಅಂದಿನಿಂದ ಈ ಪ್ರಿಂಟರ್ ನನ್ನ ತಲೆ ಬಿಟ್ಟು ಹೋಗಿಲ್ಲ.

ಮತದಾರ ಓದಿದರೆ ಮಾತ್ರ ಆ ಕಾಗದ ಸಾಕ್ಷಿ. ಓದದಿದ್ದರೆ ಅದೂ ಯಂತ್ರದ್ದೇ ಇನ್ನೊಂದು ಮಾತು, ಅಲ್ವಾ? 2020ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಒಂದು ಅಣಕು ಮತದಾನ ನಡೆಸಿ, ಅಚ್ಚಾದ ಮತಪತ್ರದಲ್ಲಿ ಬೇಕೆಂದೇ ತಪ್ಪು ಸೇರಿಸಿದರು. ಯಾರೂ ಎಚ್ಚರಿಸದಿದ್ದಾಗ ಕಾಗದದ ಮೇಲೆ ಕಣ್ಣಾಡಿಸಿದವರು ಶೇ. 40. ತಪ್ಪಿದೆ ಎಂದು ಸಿಬ್ಬಂದಿಗೆ ಹೇಳಿದವರು ಶೇ. 6.6 ಮಾತ್ರ. ಅಚ್ಚಾದ ಮೇಲೆ "ಒಮ್ಮೆ ಓದಿ ನೋಡಿ" ಎಂದು ಬಾಯಲ್ಲಿ ಹೇಳಿದಾಗ ತಪ್ಪು ಹಿಡಿದವರು ಜಾಸ್ತಿಯಾದರು. ಹಾಗಾಗಿ ಚೀಟಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಮತದಾರರ ಕೈಯಲ್ಲಿರಲಿ. ಓದಿ ಮುಗಿಸಿ ಅವರೇ ಒಂದು ಗುಂಡಿ ಒತ್ತಿದ ಮೇಲೆ ಚೀಟಿ ಬೀಳಲಿ. ಸಾಲು ಸ್ವಲ್ಪ ನಿಧಾನವಾಗುತ್ತದೆ, ಆಗಲಿ.

ನಮ್ಮ ಯಂತ್ರದಲ್ಲಿ ಒಂದು ವಿಷಯ ಸರಿಯಾಗಿದೆ. ಚೀಟಿ ತುಂಡಾಗಿ ಬೀಳುತ್ತದೆ. ಅಮೆರಿಕದ ಹಲವು ಹಳೆಯ ಯಂತ್ರಗಳಲ್ಲಿ ಮತಗಳೆಲ್ಲ ಒಂದೇ ರೋಲಿನ ಮೇಲೆ, ಹಾಕಿದ ಕ್ರಮದಲ್ಲೇ ಅಚ್ಚಾಗುತ್ತಿದ್ದವು. ಮತಗಟ್ಟೆಗೆ ಬಂದವರ ಪಟ್ಟಿಯನ್ನು ಪಕ್ಕಕ್ಕಿಟ್ಟರೆ ಯಾರ ಮತ ಯಾರಿಗೆ ಎಂದು ಊಹಿಸಬಹುದಿತ್ತು. ಗುಟ್ಟಿನ ಮತ ಎಲ್ಲಿ ಉಳಿಯಿತು? 2006ರಲ್ಲಿ ಓಹಾಯೋದ ಕುಯಹೋಗಾ ಕೌಂಟಿಯಲ್ಲಿ ಇಂಥ ಕಾಗದ ದಾಖಲೆಗಳನ್ನು ಪರಿಶೀಲಿಸಿದಾಗ ಸುಮಾರು ಶೇ. 10ರಷ್ಟು ಖಾಲಿಯಾಗಿಯೋ, ಓದಲಾಗದಂತೆಯೋ, ಹರಿದೋ ಹೋಗಿದ್ದವು.

ಪ್ರಿಂಟರ್ ಕೆಡುವುದಕ್ಕೆ ದೊಡ್ಡ ಕಾರಣವೇ ಬೇಕಿಲ್ಲ. 2018ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಕೈರಾನಾ ಉಪಚುನಾವಣೆಯಲ್ಲಿ ವಿವಿಪ್ಯಾಟ್‌ಗಳು ಕೈಕೊಟ್ಟು, 73 ಮತಗಟ್ಟೆಗಳಲ್ಲಿ ಮರುಮತದಾನ ನಡೆಯಿತು. ಜಾಸ್ತಿ ಬೆಳಕು ಬಿದ್ದು ಒಳಗಿನ ಸೆನ್ಸರ್ ಕೆಟ್ಟಿತು ಎಂದು ಚುನಾವಣಾ ಆಯೋಗ ಕಾರಣ ಕೊಟ್ಟಿತು. ಕಿಟಕಿ ಪಕ್ಕ ಮೇಜು ಹಾಕುವುದು ಶಾಲೆಗಳಲ್ಲಿ ಮಾಮೂಲಿ. ಯಂತ್ರ ಅಲ್ಲೂ ಕೆಲಸ ಮಾಡಬೇಕು.

ನನಗೆ ಜಾಸ್ತಿ ಚಿಂತೆ ಬಾರ್‌ಕೋಡ್‌ನದು. ಎಣಿಕೆ ಬೇಗ ಆಗಲು ಚಿಹ್ನೆಯ ಜೊತೆ ಬಾರ್‌ಕೋಡ್ ಹಾಕಬಹುದೇ ಎಂದು ಪರಿಶೀಲಿಸುವಂತೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸಲಹೆ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಮತದಾರ ನೋಡುವುದು ಹೆಸರು, ಯಂತ್ರ ಎಣಿಸುವುದು ಆ ಗೆರೆಗಳು ಎಂದಾದರೆ ಎರಡೂ ಒಂದೇ ಎಂದು ನಂಬುವುದು ಹೇಗೆ? ಆ ಗೆರೆಗಳನ್ನು ಬರಿಗಣ್ಣಲ್ಲಿ ಓದುವವರು ಯಾರಿದ್ದಾರೆ? ಯಂತ್ರದಿಂದಲೇ ಎಣಿಸಬೇಕು ಎಂದರೆ ಕ್ಯಾಮೆರಾ ಆ ಹೆಸರು, ಚಿಹ್ನೆಯನ್ನೇ ಓದಲಿ. ಜೊತೆಗೆ ಚೀಟಿಗಳ ಒಂದಿಷ್ಟು ಕಟ್ಟುಗಳನ್ನು ಕೈಯಲ್ಲೇ ಎಣಿಸಿ ತಾಳೆ ನೋಡಲಿ. ಯಾವ ಕಟ್ಟು ಎಂಬುದನ್ನು ಎಲ್ಲ ಪಕ್ಷದ ಏಜೆಂಟರ ಎದುರೇ ಲಾಟರಿ ಎತ್ತಿ ಆರಿಸಲಿ.