ಕಾಣಲಿಲ್ಲ ಅಂದ ಹುಡುಗ

ಹೋದ ವರ್ಷ ಬಸವ ಜಯಂತಿಗೆ ಎರಡು ದಿನ ಮುಂಚೆ ಡಂಬಳದ ಹತ್ತಿರ ಅಕ್ಕನ ಹೊಲದಲ್ಲಿದ್ದೆವು. ಕಪ್ಪತಗುಡ್ಡದ ಕಡೆ ಗಾಳಿ ಫ್ಯಾನುಗಳ ಕೆಂಪು ಲೈಟು ಬಿಟ್ಟರೆ ಕತ್ತಲೋ ಕತ್ತಲು. ಗೆಳೆಯನ ಆರು ಇಂಚಿನ ಟೆಲಿಸ್ಕೋಪ್ ಇಸಿದುಕೊಂಡು ಹೋಗಿದ್ದೆ. ಒಂಬತ್ತನೇ ತರಗತಿಯ ಅಳಿಯನಿಗೆ ವರ್ಲ್‌ಪೂಲ್ ಗೆಲಾಕ್ಸಿ, ಅಂದರೆ ಸುರುಳಿಯಾಕಾರದ ಒಂದು ನಕ್ಷತ್ರಪುಂಜ, ತೋರಿಸ್ತೀನಿ ಅಂತ ವಾರದಿಂದ ಆಸೆ ಹುಟ್ಟಿಸಿದ್ದೆ. ಹೆಸರು ಕೇಳಿ ಅಕ್ಕನಿಗೆ ವಾಷಿಂಗ್ ಮಶೀನ್ ನೆನಪಾಗಿತ್ತು, ಆ ಮಾತು ಬಿಡಿ.

ತಪ್ಪು ನನ್ನದೇ. ಹಬಲ್ ಟೆಲಿಸ್ಕೋಪ್ ತೆಗೆದ ಫೋಟೋ ಮೊದಲೇ ಅವನಿಗೆ ಕಳಿಸಿಬಿಟ್ಟಿದ್ದೆ. ಸುರುಳಿಯ ನೀಲಿ ತೋಳುಗಳು, ಮೇಲೆ ಗುಲಾಬಿ ಚುಕ್ಕೆಗಳು, ಒಂದು ತೋಳಿನ ತುದಿಗೆ ಜೋತುಬಿದ್ದಂತೆ ಇನ್ನೊಂದು ಚಿಕ್ಕ ಗೆಲಾಕ್ಸಿ. ಹುಡುಗ ಕಣ್ಣಿಟ್ಟ. ಒಂದು ನಿಮಿಷ ನೋಡಿದ.

"ಏನೂ ಕಾಣಸವಲ್ದು ಮಾಮಾ."

ಅಕ್ಕ ನೋಡಿದಳು. "ಹತ್ತಿ ಎಳಿ ಅಂಟಿದಂಗ ಐತಿ. ಗಾಜು ಒರಸಿಯೋ ಇಲ್ಲೋ?"

ಅದನ್ನು ಹುಡುಕುವುದೇನೂ ಕಷ್ಟವಲ್ಲ. ಸಪ್ತರ್ಷಿಗಳ ಬಾಲದ ನಡುವೆ ವಸಿಷ್ಠ, ಅದರ ಮಗ್ಗುಲಲ್ಲಿ ಮಸುಕಾದ ಅರುಂಧತಿ. ಬಾಲದ ತುದಿಗೆ ಮರೀಚಿ. ಅಲ್ಲಿಂದ, ಕೈ ಚಾಚಿ ಹಿಡಿದರೆ ಎರಡು ಬೆರಳಿನಷ್ಟು ಆಚೆ. ಅರುಂಧತಿ ಅಂದ ಕೂಡಲೇ ಹೆಂಡತಿ ಕೇಳಿದಳು, "ಲಗ್ನದಾಗ ಭಟ್ಟರು ತೋರಿಸಿದಾಗ ನಿಮಗ ಖರೇನ ಕಂಡಿತ್ತೇನ್ರಿ?" ಮಧ್ಯಾಹ್ನ ಹನ್ನೆರಡೂವರೆ, ರಣ ಬಿಸಿಲು. ಇಬ್ಬರೂ ಕತ್ತೆತ್ತಿ "ಕಂಡಿತು" ಅಂದಿದ್ದೆವು!

ನಮಗೆ ಇದು ರೂಢಿಯಾಗಿಬಿಟ್ಟಿದೆ. ದೊಡ್ಡವರು ಬೆರಳು ತೋರಿಸಿದರೆ ಕಂಡಿತು ಅನ್ನಬೇಕು. ಈಗಂತೂ ಮೊಬೈಲಿನಲ್ಲಿ ಬಣ್ಣದ ಗೆಲಾಕ್ಸಿ ನೋಡಿ, ಎಲ್ಲ ನೋಡಿ ಆಯ್ತು ಅಂದುಕೊಳ್ಳುತ್ತೇವೆ. ಹಂಗಾಗಿ ನನ್ನ ತಕರಾರು ಇಷ್ಟೇ: ಮಕ್ಕಳಿಗೆ ಮೊದಲು ಆಕಾಶ ತೋರಿಸಿ, ಫೋಟೋ ಆಮೇಲೆ. ಕಾಣಲಿಲ್ಲ ಅಂದರೆ ಬೈಯಬೇಡಿ.

1773ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮೆಸಿಯೇಗೆ ಕಂಡದ್ದೂ ಬರೀ ಮಬ್ಬು. ಅವನು ಹುಡುಕುತ್ತಿದ್ದದ್ದು ಧೂಮಕೇತು. ಅದಲ್ಲದ್ದನ್ನು ನೋಡಿ ಮೋಸ ಹೋಗಬಾರದು ಅಂತ ಒಂದು ಪಟ್ಟಿ ಮಾಡಿಟ್ಟ, ಅದರಲ್ಲಿ ಇದು 51ನೆಯದು, ಅಂದರೆ ಎಂ-51. ಪಕ್ಕದಲ್ಲಿ ಇನ್ನೊಂದಿದೆ ಅಂತ 1781ರಲ್ಲಿ ಪಿಯರ್ ಮೆಶೇನ್ ಗುರುತಿಸಿದ. ಸುರುಳಿ ಕಂಡದ್ದು 1845ರಲ್ಲಿ, ಐರ್ಲೆಂಡಿನ ಲಾರ್ಡ್ ರಾಸ್‌ಗೆ. ಅವನ ಟೆಲಿಸ್ಕೋಪಿನ ಕನ್ನಡಿಯೇ ಆರು ಅಡಿ ಅಗಲ! ನೋಡಿ ನೋಡಿ ಕೈಯಿಂದಲೇ ಚಿತ್ರ ಬರೆದ. ಮಬ್ಬಿನಿಂದ ಸುರುಳಿಗೆ ಬರಲು 72 ವರ್ಷ ಹಿಡಿಯಿತು. ನಮ್ಮ ಹುಡುಗ ನೋಡಿದ್ದು ಒಂದೇ ನಿಮಿಷ.

ಹಾಗಂತ ಫೋಟೋ ಸುಳ್ಳಲ್ಲ. ಕ್ಯಾಮೆರಾ ಬೆಳಕನ್ನು ಎಷ್ಟೋ ಹೊತ್ತು ಕೂಡಿಡುತ್ತದೆ, ನಮ್ಮ ಕಣ್ಣಿಗೆ ಅದು ಆಗದು. ನೀಲಿ ಇರುವಲ್ಲಿ ಈಚೆಗೆ ಹುಟ್ಟಿದ ಬಿಸಿ ನಕ್ಷತ್ರಗಳು. ಗುಲಾಬಿ ಚುಕ್ಕೆ ಅಂದರೆ ನಕ್ಷತ್ರ ಹುಟ್ಟುವ ಕಡೆ ಹೊಳೆಯುವ ಹೈಡ್ರೋಜನ್ ಅನಿಲ. ದೂರ ಎಷ್ಟು ಅಂದರೆ, ಅಳೆಯುವ ವಿಧಾನಕ್ಕೆ ತಕ್ಕಂತೆ 2.3 ಕೋಟಿಯಿಂದ 3.1 ಕೋಟಿ ಬೆಳಕಿನ ವರ್ಷ. ಅಲ್ಲಿ ನಕ್ಷತ್ರಗಳು ಸಿಡಿದ ಸುದ್ದಿ 1994, 2005, 2011ರಲ್ಲಿ ನಮಗೆ ಮುಟ್ಟಿತು. 17 ವರ್ಷಕ್ಕೆ ಮೂರು ಸಲ. ಜಾಸ್ತಿನೇ ಅಲ್ವಾ?

ನನಗೆ ತುಂಬ ಹಿಡಿಸಿದ್ದು ತೋಳುಗಳ ಕತೆ. ಒಳಗಿನ ನಕ್ಷತ್ರ ಬೇಗ ಸುತ್ತು ಮುಗಿಸುತ್ತದೆ, ಹೊರಗಿನದಕ್ಕೆ ತಡ. ಅದೇ ನಕ್ಷತ್ರಗಳೇ ಯಾವಾಗಲೂ ತೋಳಿನಲ್ಲಿದ್ದರೆ ನಾಲ್ಕಾರು ಸುತ್ತಿಗೆ ತೋಳು ದಾರದುಂಡೆಯಂತೆ ಸುತ್ತಿಕೊಳ್ಳಬೇಕಿತ್ತು. 1964ರಲ್ಲಿ ಲಿನ್ ಮತ್ತು ಶು ಎಂಬ ವಿಜ್ಞಾನಿಗಳು ಇದಕ್ಕೊಂದು ಉತ್ತರ ಕೊಟ್ಟರು: ತೋಳು ಒಂದು ಅಲೆ. ಮುಂಡರಗಿ ರಸ್ತೆಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ದಿದ್ದೀರಾ? ಹಿಂದೆ ಬೈಕು, ಟಂಟಂ, ಬಸ್ಸಿನ ಸಾಲು. ಒಂದೊಂದೇ ದಾಟಿ ಮುಂದೆ ಹೋಗುತ್ತದೆ, ಹಿಂದಿನಿಂದ ಬೇರೆ ಬಂದು ಸೇರುತ್ತದೆ. ಗಾಡಿಗಳು ಬದಲಾದರೂ ಸಾಲು ಇದ್ದೇ ಇರುತ್ತದೆ. ನಕ್ಷತ್ರಗಳೂ ಹೀಗೆ ತೋಳಿಗೆ ಬಂದು ದಾಟಿ ಹೋಗುತ್ತವೆ. ಅಲ್ಲಿ ಅನಿಲ ಒತ್ತಿಕೊಂಡು ಹೊಸ ನಕ್ಷತ್ರ ಹುಟ್ಟುತ್ತವೆ, ಅದಕ್ಕೇ ತೋಳು ಹೊಳೆಯುವುದು. ಎಂ-51ರಲ್ಲಿ ತೋಳು ಇಷ್ಟು ಚೊಕ್ಕ ಕಾಣುವುದಕ್ಕೆ ಪಕ್ಕದ ಆ ಚಿಕ್ಕ ಗೆಲಾಕ್ಸಿಯ ಸೆಳೆತವೂ ಕಾರಣ.

ಆ ರಾತ್ರಿ ಇದನ್ನೆಲ್ಲ ಹೇಳಲಿಲ್ಲ. ನೆಟ್ಟಗೆ ನೋಡಬೇಡ, ಓರೆಗಣ್ಣಿನಿಂದ ನೋಡು ಅಂದೆ ಅಷ್ಟೆ. ಮಸುಕಾದದ್ದು ಕಣ್ಣಿನ ನಡುವಿಗಿಂತ ಅಂಚಿಗೆ ಚೆನ್ನಾಗಿ ಸಿಗುತ್ತದೆ. ನಾವೆಲ್ಲ ಚಾಪೆ ಹಾಸಿ ಮಲಗಿದೆವು. ಹುಡುಗ ಮಾತ್ರ ಸ್ಟೂಲ್ ಬಿಟ್ಟು ಏಳಲಿಲ್ಲ. ನನಗೆ ಜೊಂಪು ಹತ್ತಿತ್ತು.

"ಮಾಮಾ, ಒಂದಲ್ಲ, ಎರಡು ಅದಾವ. ಒಂದು ಸ್ವಲ್ಪ ಸಣ್ಣದು."

"ಸುರುಳಿ?"

"ಇಲ್ಲ. ಸುರುಳಿ ಕಾಣಸಲಿಲ್ಲ."